ಕೈಚಳಕ ಎಲ್ಲಿತ್ತು, ತೋರಿಸಿ

ಬೆಟಗೇರಿಯ ಗೆಳೆಯರೇ,

ನಿಮ್ಮ ಸಿನಿಮಾ ಲೇಖನ ತಲುಪಿತು. ಅಕ್ಷರ ದುಂಡಗಿದೆ, ಕಾಗುಣಿತದ ತಪ್ಪು ಎರಡೇ ಎರಡು. ಗದಗದಿಂದ ಹುಬ್ಬಳ್ಳಿಗೆ ಬರುವ ರೈಲಿನಲ್ಲಿ ಮೊಬೈಲ್ ಹಿಡಿದು ಕುಳಿತ ನೀವು ಅಣ್ಣಿಗೇರಿ ಹತ್ತಿರ ಒಬ್ಬರೇ ಗಟ್ಟಿಯಾಗಿ ನಕ್ಕದ್ದು, ಎದುರಿನ ಅಜ್ಜಿ ತಮ್ಮ ಬುತ್ತಿಯ ಗಂಟನ್ನು ಮಡಿಲಿಗೆ ಎಳೆದುಕೊಂಡದ್ದು ಚೆನ್ನಾಗಿದೆ. ಹೊಗಳಿಕೆ ಇಲ್ಲಿಗೆ ಮುಗಿಯಿತು.

ಈ ಅಂಕಣ ಓದುವ ಇತರರಿಗೆ ವಿಷಯ ಹೇಳಿಬಿಡುತ್ತೇನೆ. ಸಿನಿಮಾ 2016ರ ‘ಮಾಸ್ಟರ್‌ಮೈಂಡ್ಸ್’. 1997ರ ಅಕ್ಟೋಬರ್ 4ರ ಶನಿವಾರ ಅಮೆರಿಕದ ಷಾರ್ಲೆಟ್ ನಗರದಲ್ಲಿ, ಬ್ಯಾಂಕುಗಳ ನಗದು ಸಾಗಿಸುವ ಲೂಮಿಸ್ ಫಾರ್ಗೋ ಸಂಸ್ಥೆಯ ಖಜಾನೆಯಿಂದ 1 ಕೋಟಿ 73 ಲಕ್ಷ ಡಾಲರ್ ಹೊರಗೆ ಹೋಯಿತು. ಸಾಗಿಸಿದವನು ಅಲ್ಲಿಯದೇ ಮೇಲ್ವಿಚಾರಕ. ಹಿಂದೆ ಅಲ್ಲೇ ಕೆಲಸ ಮಾಡುತ್ತಿದ್ದ ಒಬ್ಬಳು ಮತ್ತು ಅವಳ ಪರಿಚಯದ ಒಂದು ಗುಂಪು ಹೊರಗಿನಿಂದ ಜೊತೆಗಿದ್ದರು. ಆರು ತಿಂಗಳೊಳಗೆ ಮುಖ್ಯರೆಲ್ಲರೂ ಸಿಕ್ಕಿಬಿದ್ದರು.

ಈಗ ನಿಮ್ಮ ಎರಡನೆಯ ಪುಟ. ‘ಕಳ್ಳರ ಕೈಚಳಕ ಪ್ರೇಕ್ಷಕರನ್ನು ಬೆರಗುಗೊಳಿಸುತ್ತದೆ. ಕೋಟ್ಯಂತರ ಹಣವನ್ನು ಕ್ಷಣಾರ್ಧದಲ್ಲಿ ದೋಚಿ ಪರಾರಿಯಾಗುತ್ತಾರೆ.’ ಇದನ್ನು ಓದಿ ಚಹದ ಕಪ್ಪನ್ನು ಕೆಳಗಿಟ್ಟೆ.

ಕೈಚಳಕ ಎಲ್ಲಿತ್ತು? ಆ ಮೇಲ್ವಿಚಾರಕ ಹೊಸದಾಗಿ ಸೇರಿದ್ದ ಹುಡುಗನನ್ನು ಬೇಗ ಮನೆಗೆ ಕಳುಹಿಸಿದ. ಆಮೇಲೆ ನೋಟಿನ ಕಟ್ಟುಗಳನ್ನು ಕಂಪನಿಯ ವ್ಯಾನಿಗೆ ತಾನೇ ತುಂಬಿದ. ಬೀಗ ಒಡೆಯಲಿಲ್ಲ, ಏಕೆಂದರೆ ಬೀಗ ತೆರೆಯುವುದೇ ಅವನ ನೌಕರಿಯಾಗಿತ್ತು. ಹಾಗಾದರೆ ‘ದೋಚಿ’ ಎಂಬ ಪದ ಎಲ್ಲಿಂದ ಬಂತು? ‘ಕ್ಷಣಾರ್ಧ’ವಂತೂ ಶುದ್ಧ ಸುಳ್ಳು, ಗಂಟೆಗೂ ಮೀರಿ ಒಬ್ಬನೇ ಬೆವರು ಸುರಿಸಿದ್ದಾನೆ. ನೋಟು ಕಾಗದ, ಕಾಗದಕ್ಕೆ ತೂಕವಿದೆ. ಡಾಲರ್ ನೋಟು ಯಾವ ಮುಖಬೆಲೆಯದಾದರೂ ಸುಮಾರು ಒಂದು ಗ್ರಾಂ ತೂಗುತ್ತದೆ. ಅಲ್ಲಿದ್ದವುಗಳಲ್ಲಿ ಇಪ್ಪತ್ತರ ನೋಟುಗಳೇ ಹೆಚ್ಚು. ಒಟ್ಟು ತೂಕ ಒಂದು ಟನ್ ದಾಟಿತ್ತು. ನೀವು ಗದಗದವರು, ಹತ್ತಿ ಕಂಡವರು. ಹತ್ತಿಯ ಒಂದು ಬೇಲ್‌ಗೆ 170 ಕಿಲೋ ಲೆಕ್ಕ ಹಾಕಿ. ಆರು ಬೇಲ್‌ಗೂ ಮೀರಿದ ಭಾರವನ್ನು ಹಮಾಲರ ಕೊಕ್ಕೆಯೂ ಇಲ್ಲದೆ ಒಬ್ಬನೇ ಎತ್ತಿ ಒಟ್ಟುವುದನ್ನು ಕಣ್ಣ ಮುಂದೆ ತಂದುಕೊಳ್ಳಿ. ಇಷ್ಟೆಲ್ಲ ಮಾಡಿಯೂ ಗುಂಪಿನವರಿಗೆ ತುಂಬಿಕೊಳ್ಳಲು ಜಾಗ ಸಾಲದೆ 33 ಲಕ್ಷ ಡಾಲರ್ ಆ ವ್ಯಾನಿನಲ್ಲೇ ಉಳಿಯಿತು. ಹಾಸ್ಯ ಬೇಕಿತ್ತಲ್ಲ, ಇಲ್ಲಿ ರಾಶಿ ಬಿದ್ದಿತ್ತು. ನೀವು ಅದರ ಮೇಲೆ ‘ಪರಾರಿ’ ಎಂಬ ಚಾಪೆ ಹಾಸಿದ್ದೀರಿ.

ಈ ಪದದ ಮೇಲೆ ನನಗೆ ಹಳೆಯ ಸಿಟ್ಟಿದೆ. 1986ರಲ್ಲಿ ನಾನು ಹುಬ್ಬಳ್ಳಿಯ ಒಂದು ಸಣ್ಣ ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಒಂದು ದಿನ ವರದಿಗಾರ ಬರಲಿಲ್ಲ. ದುರ್ಗದ ಬೈಲ್ ಹತ್ತಿರ ಕಿರಾಣಿ ಅಂಗಡಿಯಲ್ಲಿ ಕಳ್ಳತನವಾಗಿದೆ, ಹೋಗಿ ಬಾ ಎಂದರು. ಹೋದೆ, ಬಾಗಿಲಲ್ಲೇ ನಿಂತು ಎರಡು ಮಾತು ಕೇಳಿದೆ, ಬಂದು ಬರೆದೆ: ‘ಕೈಚಳಕ ತೋರಿದ ಕಳ್ಳರು ಪರಾರಿ.’ ಹಿರಿಯ ಉಪಸಂಪಾದಕರು ಕನ್ನಡಕದ ಮೇಲಿಂದ ನೋಡಿ, ‘ಒಳಗೆ ಹೇಗೆ ಹೋದ?’ ಎಂದರು. ಗೊತ್ತಿಲ್ಲ ಎಂದೆ. ‘ಹೊರಗೆ ಹೇಗೆ ಬಂದ?’ ಅದೂ ಗೊತ್ತಿಲ್ಲ. ‘ಹಾಗಾದರೆ ಚಳಕ ಎಂದು ನಿನಗೆ ಹೇಳಿದವರು ಯಾರು?’

ಉರಿಬಿಸಿಲಿನಲ್ಲಿ ಮತ್ತೆ ಹೋದೆ. ಕಳ್ಳ ಹೆಂಚು ಸರಿಸಿ ಒಳಗೆ ಧುಮುಕಿದ್ದ. ಗಲ್ಲೆಯಲ್ಲಿದ್ದ ಮುನ್ನೂರು ಚಿಲ್ಲರೆ ರೂಪಾಯಿ ಎತ್ತಿಕೊಂಡ ಮೇಲೆ ಮಾಡು ಕೈಗೆ ಎಟುಕಲಿಲ್ಲ. ಬೆಲ್ಲದ ಪೆಂಟೆಗಳನ್ನು ಒಂದರ ಮೇಲೊಂದು ಒಟ್ಟಿ ಮೆಟ್ಟಿಲು ಮಾಡಿಕೊಂಡಿದ್ದ. ಮೇಲಿನ ಪೆಂಟೆಯಲ್ಲಿ ಐದು ಬೆರಳೂ ಎಣಿಸುವಂತೆ ಎಡಗಾಲಿನ ಗುರುತು ಮೂಡಿತ್ತು. ಹಿಮ್ಮಡಿಯ ಕುಳಿಯಲ್ಲಿ ಇರುವೆಗಳು. ಅಂಗಡಿಯವರಿಗೆ ಹಣ ಹೋದದ್ದಕ್ಕಿಂತ ದೊಡ್ಡ ಚಿಂತೆ ಬೇರೆ ಇತ್ತು: ‘ಕಾಲಿಟ್ಟ ಬೆಲ್ಲವನ್ನು ಇನ್ನು ಯಾರು ಕೊಳ್ಳುತ್ತಾರೆ? ಇದನ್ನು ಮಾತ್ರ ಪೇಪರಿನಲ್ಲಿ ಹಾಕಬೇಡಿ.’ ಹಾಕಿದೆವು. ಮೂರು ದಿನ ಅವರು ನನ್ನನ್ನು ಬೈದರು. ಆ ಪೆಂಟೆ ಕೊನೆಗೆ ಎಲ್ಲಿಗೆ ಹೋಯಿತು ಎಂಬುದನ್ನು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಎರಡನೆಯ ತಕರಾರು ‘ಪೆದ್ದರು’. ನಾಲ್ಕು ಪುಟಗಳಲ್ಲಿ ಹನ್ನೊಂದು ಸಲ ಬಂದಿದೆ, ಕೆಂಪು ಶಾಯಿಯಲ್ಲಿ ಸುತ್ತಿದ್ದೇನೆ. ‘ಕ್ಯಾಮೆರಾ ಇದೆ ಎಂಬುದನ್ನೇ ಮರೆತ ಪೆದ್ದ’ ಎನ್ನುತ್ತೀರಿ. ಮರೆತಿರಲಿಲ್ಲ. ಎರಡು ಕ್ಯಾಮೆರಾಗಳ ಟೇಪುಗಳನ್ನು ನೆನಪಿನಿಂದ ಕಿತ್ತುಕೊಂಡೇ ಹೋಗಿದ್ದ. ಮೂರನೆಯದೊಂದು ಇತ್ತು, ಅದರಲ್ಲಿ ಎಲ್ಲವೂ ದಾಖಲಾಗಿತ್ತು. ಆತ ಎಣಿಸಿದ, ಎಣಿಕೆ ಒಂದರಿಂದ ತಪ್ಪಿತು. ಪರೀಕ್ಷೆಯಲ್ಲಿ, ಮದುವೆಯ ಎಲೆ ಹಾಕುವಲ್ಲಿ, ಬಸ್ಸಿನ ಚಿಲ್ಲರೆಯಲ್ಲಿ ನಾವೆಲ್ಲ ತಪ್ಪುವುದೂ ಒಂದರಿಂದಲೇ. ಅಣ್ಣಿಗೇರಿಯಲ್ಲಿ ನಿಮಗೆ ನಗು ಬಂದದ್ದು ಅವನು ಪೆದ್ದನೆಂದೋ, ನಿಮ್ಮಂಥವನೆಂದೋ?

ಇನ್ನೊಂದು: ‘ಆ ಪೆದ್ದಿ ಬ್ಯಾಂಕಿಗೆ ಹೋಗಿ ಎಡವಟ್ಟು ಮಾಡಿಕೊಳ್ಳುತ್ತಾಳೆ.’ ಏನು ಎಡವಟ್ಟು? ಅಲ್ಲಿ 10,000 ಡಾಲರ್ ಮೀರಿದ ನಗದು ಬಂದರೆ ಬ್ಯಾಂಕು ಸರ್ಕಾರಕ್ಕೆ ವರದಿ ಕೊಡಬೇಕು. ಗುಂಪಿನ ಯಜಮಾನನ ಹೆಂಡತಿ ಕೌಂಟರಿಗೆ ಹೋಗಿ, ವರದಿಯಾಗದಂತೆ ಎಷ್ಟು ಕಟ್ಟಬಹುದು ಎಂದು ನೇರವಾಗಿ ಕೇಳಿದಳು. ಇದೇನು ಮಾದಕ ವಸ್ತುವಿನ ಹಣವಲ್ಲ ಎಂದೂ ಸೇರಿಸಿದಳು. ಆ ಮಾತನ್ನು ಇದ್ದಂತೆ ಬರೆದಿದ್ದರೆ ಸಾಕಿತ್ತು. ಧಾರವಾಡದ ಯಾವ ಬ್ಯಾಂಕಿನ ಸಾಲಿನಲ್ಲಿ ನಿಂತರೂ ‘49,000 ಕಟ್ಟಿದರೆ ಪ್ಯಾನ್ ಕಾರ್ಡು ಬೇಡವಲ್ಲವೇ?’ ಎನ್ನುವ ಮರ್ಯಾದಸ್ಥರು ಸಿಗುತ್ತಿದ್ದರು. ನಾನೂ ಕೇಳಿದ್ದೇನೆ.

ಪೆದ್ದ ಎಂದ ಕೂಡಲೇ ವಿಚಾರಿಸುವ ಕೆಲಸ ಮುಗಿಯುತ್ತದೆ, ಅದೇ ನನಗೆ ಆಗಿಬರದ ಸಂಗತಿ. ಅಷ್ಟು ಹಣ ಕಾಯುತ್ತಿದ್ದವನಿಗೆ ಗಂಟೆಗೆ ಸಿಗುತ್ತಿದ್ದದ್ದು 8 ಡಾಲರ್ ಚಿಲ್ಲರೆ. ದಿನಕ್ಕೆ ಎಂಟು ಗಂಟೆ, ವಾರಕ್ಕೆ ಐದು ದಿನದಂತೆ ದುಡಿದು ಆ ಮೊತ್ತ ಮುಟ್ಟಲು ಸುಮಾರು ಸಾವಿರ ವರ್ಷ ಬೇಕು. ಅವನನ್ನು ಮೆಕ್ಸಿಕೋಗೆ ಸಾಗಹಾಕಿ, ಹಣ ಇಟ್ಟುಕೊಂಡವನೇ ಅವನನ್ನು ಕೊಲ್ಲಿಸಲು ಆಳು ಗೊತ್ತುಮಾಡಿದ. ನಿಮ್ಮಲ್ಲಿ ಅದು ‘ಮುಂದೆ ರೋಚಕ ತಿರುವುಗಳಿವೆ’ ಎಂದಾಗಿದೆ. ತಿರುವು ಇರುವುದು ಘಾಟಿಯಲ್ಲಿ.

ನಟರ ಬಗ್ಗೆ, ಸಂಗೀತದ ಬಗ್ಗೆ ನೀವು ಬರೆದದ್ದನ್ನು ನಾನು ಮುಟ್ಟಿಲ್ಲ. ‘ಅತಿಆಸೆ ಗತಿಗೇಡು’ ಎಂಬ ಕೊನೆಯ ಸಾಲನ್ನು ಮಾತ್ರ ಹೊಡೆದುಹಾಕಿದ್ದೇನೆ. ಮೂರನೆಯ ಕ್ಯಾಮೆರಾದಿಂದ ಶುರುಮಾಡಿ ಮತ್ತೆ ಬರೆಯಿರಿ, ಸಾವಿರ ಪದ ಮೀರದಿರಲಿ. ಆ ಅಜ್ಜಿಯನ್ನು ಮೊದಲ ಪುಟದಲ್ಲೇ ಇಳಿಸಿಬಿಟ್ಟಿದ್ದೀರಿ. ಅವರೂ ಹುಬ್ಬಳ್ಳಿಯವರೆಗೆ ಬಂದಿರಬೇಕಲ್ಲ? ಯಾಕೆ ನಕ್ಕೆ ಎಂದು ಅವರು ಕೇಳಿದರೇ? ನೀವು ಕಥೆ ಹೇಳಿದಿರಾ? ಗಂಟು ಮಡಿಲಲ್ಲೇ ಉಳಿಯಿತೋ, ಬಿಚ್ಚಿ ನಿಮಗೂ ಒಂದು ರೊಟ್ಟಿ ಕೊಟ್ಟರೋ?