ಅರಿಷಿಣದ ಡಬ್ಬಿ ಚೆಲ್ಲುವ ಮೊದಲು ಹಿಟ್ಟಿನ ರಿಪೋರ್ಟ್ ಇನ್ನೊಮ್ಮೆ ನೋಡಿ

ಮನೆಯ ಅರಿಷಿಣ ಪುಡಿಯಲ್ಲಿ 4 ಪಿಪಿಎಂ ಸೀಸ, ಜೋಳದ ಹಿಟ್ಟಿನಲ್ಲಿ ‘ಬಿಡಿಎಲ್’ (ಪತ್ತೆಮಿತಿಗಿಂತ ಕಡಿಮೆ) ಅಂತ ರಿಪೋರ್ಟ್ ಬಂದಿದೆ, ಮೂರು ವರ್ಷದ ಮಗಳಿಗೆ ದಿನಕ್ಕೆ ಎಷ್ಟು ಸೀಸ ಹೋಗುತ್ತಿದೆ, ನಮಗೆಷ್ಟು ಅಂತ ಕೇಳಿದ್ದೀರಿ. ನಾನು ಹುಬ್ಬಳ್ಳಿಯಲ್ಲಿ ಇಂಥ ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ಕೆಲಸ ಮಾಡಿದವನು. ಇಂಥ ರಿಪೋರ್ಟ್ ಒಯ್ದವರು ಅರಿಷಿಣ ಚೆಲ್ಲುತ್ತಿದ್ದರು, ಹಿಟ್ಟಿನ ಬಗ್ಗೆ ಒಬ್ಬರೂ ಕೇಳುತ್ತಿರಲಿಲ್ಲ.

ಒಂದು ಪಿಪಿಎಂ ಅಂದರೆ ಗ್ರಾಂಗೆ ಒಂದು ಮೈಕ್ರೋಗ್ರಾಂ. ಇನ್ನು ಬೇಕಾದದ್ದು ತಕ್ಕಡಿ. 100 ಗ್ರಾಂ ಪುಡಿ ನಿಮ್ಮಲ್ಲಿ 40 ದಿನ ಬರುತ್ತದೆ ಅಂದುಕೊಳ್ಳೋಣ, ದಿನಕ್ಕೆ ಎರಡೂವರೆ ಗ್ರಾಂ ಆಯಿತು. ಅದರಲ್ಲಿ ಮಗಳ ಪಾಲು 0.2 ಗ್ರಾಂ ಆದರೆ ಸೀಸ 0.8 ಮೈಕ್ರೋಗ್ರಾಂ. ಮನೆಯಲ್ಲಿ ಮೂವರು ದೊಡ್ಡವರಿದ್ದರೆ ತಲಾ ಸುಮಾರು 3.

ಈಗ ರೊಟ್ಟಿ. ಬಿಡಿಎಲ್ ಅಂದರೆ ಸೊನ್ನೆ ಅಲ್ಲ, ಮಷೀನಿಗೆ ಕಾಣುವಷ್ಟು ಇಲ್ಲ ಅಂತ ಅಷ್ಟೇ. ಎಷ್ಟರವರೆಗೆ ಕಾಣುತ್ತದೆ ಅನ್ನುವುದು ರಿಪೋರ್ಟಿನಲ್ಲೇ ಸಣ್ಣಕ್ಷರದಲ್ಲಿ ಇರುತ್ತದೆ. ಅದು 0.05 ಪಿಪಿಎಂ ಇದ್ದು, ಮಗಳು ತಿನ್ನುವ ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೆ, ಸೀಸ ಸೊನ್ನೆಯೂ ಇರಬಹುದು, 2.5 ಮೈಕ್ರೋಗ್ರಾಂ ಕೂಡ ಇರಬಹುದು. ಅಂದರೆ ಅರಿಷಿಣದಲ್ಲಿ ಕಂಡದ್ದರ ಮೂರು ಪಟ್ಟು ಇಲ್ಲಿ ಕಾಣದೇ ಕೂತಿರಬಹುದು! ಕೆಲವರು ಆ 0.05ರ ಅರ್ಧ ಹಿಡಿದು ಲೆಕ್ಕ ಮುಗಿಸುತ್ತಾರೆ. ಒಂದೇ ಮನೆಯ ಲೆಕ್ಕಕ್ಕೆ ನನಗದು ಸೇರದು. ಸೊನ್ನೆ ಹಿಡಿದು ಒಮ್ಮೆ, ಪೂರ್ತಿ ಹಿಡಿದು ಒಮ್ಮೆ ಮಾಡಿ. ಮಗಳಿಗೆ 0.8ರಿಂದ 3.3. ಮೂರು ರೊಟ್ಟಿ ತಿನ್ನುವ ತಾಯಿಗೆ 3ರಿಂದ 10.5.

ಅಮೆರಿಕದ ಆಹಾರ-ಔಷಧ ಇಲಾಖೆ ಎಫ್‌ಡಿಎ ಆಹಾರದ ಸೀಸಕ್ಕೆ 2022ರಲ್ಲಿ ಇಟ್ಟುಕೊಂಡ ಎಚ್ಚರಿಕೆಯ ಗೆರೆ ಮಕ್ಕಳಿಗೆ ದಿನಕ್ಕೆ 2.2 ಮೈಕ್ರೋಗ್ರಾಂ, ಹೆರುವ ವಯಸ್ಸಿನ ಹೆಂಗಸರಿಗೆ 8.8. ದಿನಾ ತಿನ್ನುವ ಒಂದೊಂದು ಮೈಕ್ರೋಗ್ರಾಂಗೆ ಮಗುವಿನ ಒಂದು ಡೆಸಿಲೀಟರ್ ರಕ್ತದಲ್ಲಿ 0.16, ದೊಡ್ಡವರಲ್ಲಿ 0.04 ಮೈಕ್ರೋಗ್ರಾಂ ಸೀಸ ಏರುತ್ತದೆ ಅನ್ನುವುದು ಅದರ ಹಿಂದಿನ ಲೆಕ್ಕ. ಮಗುವಿನ ಕರುಳು ಸೀಸದ ಅರ್ಧದಷ್ಟನ್ನು ಎಳೆದುಕೊಳ್ಳುತ್ತದೆ, ಕಬ್ಬಿಣಾಂಶ ಕಡಿಮೆ ಇದ್ದರೆ ಇನ್ನೂ ಹೆಚ್ಚು. ಹಾಗಾಗಿ ಪೂರ್ತಿ ಹಿಡಿದ ಲೆಕ್ಕದಲ್ಲಿ, ತಾಯಿಯ ಮೂರನೇ ಒಂದು ಪಾಲು ತಿಂದ ಮಗಳ ರಕ್ತದಲ್ಲಿ 0.53, ತಾಯಿಯದರಲ್ಲಿ 0.42. ಗಾಬರಿ ಬೇಡ, ಆ ಗೆರೆಯಲ್ಲಿ ಹತ್ತು ಪಟ್ಟು ಎಚ್ಚರಿಕೆ ಸೇರಿದೆ. ಅಮೆರಿಕದಲ್ಲಿ ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ದಾಟಿದರೆ ಬೆನ್ನು ಹತ್ತುತ್ತಾರೆ.

ನಮ್ಮ ದೇಶದ ಕಾಯ್ದೆಯಲ್ಲಿ ಅರಿಷಿಣಕ್ಕೆ 10 ಪಿಪಿಎಂವರೆಗೆ ಬಿಟ್ಟಿದ್ದಾರೆ, ಆದ್ದರಿಂದ ನಿಮ್ಮ ಪುಡಿ ಪಾಸು. ಅಷ್ಟಿದ್ದರೆ ಮಗಳ 0.2 ಗ್ರಾಂನಲ್ಲೇ 2 ಮೈಕ್ರೋಗ್ರಾಂ ಆಗುತ್ತಿತ್ತು! “ಕೊಂಬು ತಂದು ಗಿರಣ್ಯಾಗ ಬೀಸಸ್ತೀವ್ರಿ, ನಮ್ಮದು ಚೊಕ್ಕ” ಅನ್ನುವವರಿದ್ದಾರೆ. ಬಣ್ಣ ಬರಲೆಂದು ಲೆಡ್ ಕ್ರೋಮೇಟ್ ಅನ್ನುವ ಸೀಸದ ಹಳದಿ ಬಣ್ಣ ಉಜ್ಜುವವರು ಕೊಂಬಿಗೇ ಉಜ್ಜುತ್ತಾರೆ, ಗಿರಣಿ ಅದನ್ನು ತೆಗೆಯುವುದಿಲ್ಲ.

ಹಿತ್ತಾಳಿ ಬೋಗುಣಿಯಲ್ಲಿ ಸಾರು ಮಾಡುತ್ತೀರಾ? ಕಲಾಯಿಯ ತವರದಲ್ಲಿ ಸೀಸ ಬೆರೆತಿದ್ದರೆ ಹುಣಸೆಹುಳಿಗೆ ಅದು ಬಿಟ್ಟುಕೊಳ್ಳುತ್ತದೆ, ಪುಡಿಯ ರಿಪೋರ್ಟಿನಲ್ಲಿ ಎಂದೂ ಕಾಣುವುದಿಲ್ಲ. ಮುಂದಿನ ಸಲ ಒಂದು ಬಾಟಲಿ ಮಾಡಿದ ಸಾರನ್ನೇ ಒಯ್ದು ಕೊಡಿ, ನೀರಿನದೂ ಅದರಲ್ಲೇ ಬರುತ್ತದೆ. ಹಿಟ್ಟನ್ನು 0.01 ಪಿಪಿಎಂಗಿಂತ ಕೆಳಗೆ ಓದುವ ಲ್ಯಾಬಿಗೇ ಕೊಡಿ. ಮಗಳ ರಕ್ತದ ಪರೀಕ್ಷೆ ಮಾತ್ರ ಇದಕ್ಕೆಲ್ಲ ಕಾಯದೆ ಈ ವಾರವೇ ಮಾಡಿಸಿರಿ.