ಹತ್ತರ ಬಸ್ಸು ಹತ್ತಾಕತ್ತೀನಿ

ಮೊನ್ನೆ ನನ್ನ ಫೋನು ಸ್ಪೀಕರ್‌ನಲ್ಲಿತ್ತು. ಅವ್ವ ಹರಿಹರದ ಬಸ್ ನಿಲ್ದಾಣದಿಂದ ಕೂಗಿ ಹೇಳಿದ್ದು ಇಷ್ಟೇ: "ಹತ್ತರ ಬಸ್ಸು ಹತ್ತಾಕತ್ತೀನಿ, ಹತ್ರ ಬಂದ ಮ್ಯಾಲೆ ಫೋನ್ ಮಾಡ್ತೀನಿ." ಪಕ್ಕದಲ್ಲಿ ಕೂತಿದ್ದ ನೀನು ಕಾಫಿ ನೆತ್ತಿಗೆ ಹತ್ತುವಷ್ಟು ನಕ್ಕೆ. ಕೆಮ್ಮು ನಿಂತ ಮೇಲೆ ಕೇಳಿದೆ, "ಅದೇನೋ ಬರೀ ಹತ್ತು ಹತ್ತು ಹತ್ತು, ನಿಮ್ಮ ಕಡೆ ಬೇರೆ ಪದಾನೇ ಇಲ್ವಾ?" ಅಂತ. ನೆತ್ತಿಗೆ ಕಾಫಿ ಏನಾಯ್ತು ಅಂತ ನಾನು ಅಲ್ಲೇ ತಿರುಗಿಸಿ ಕೇಳಬೇಕಿತ್ತು. ಹೊಳೆಯಲಿಲ್ಲ. ಅದಕ್ಕೇ ಈಗ ಬರೀತಿದೀನಿ.

ಎಣಿಕೆಯ ಹತ್ತನ್ನು ಮೊದಲು ಮುಗಿಸ್ತೀನಿ, ಅದರಲ್ಲಿ ಜಗಳ ಇಲ್ಲ. ಹಳಗನ್ನಡದಲ್ಲಿ ಅದು ಪತ್ತು. ತಮಿಳಿನಲ್ಲಿ ಈಗಲೂ ಪತ್ತು, ತೆಲುಗಿನಲ್ಲಿ ಪದಿ. ಪಾಲು ಹಾಲಾದ ಹಾಗೆ ನಮ್ಮಲ್ಲಿ ಪತ್ತು ಹತ್ತಾಯ್ತು, ಆದರೆ ಇಪ್ಪತ್ತು, ಎಪ್ಪತ್ತಿನಲ್ಲಿ ಹಳೇ ಪಕಾರ ಇನ್ನೂ ಕೂತಿದೆ. ಹನ್ನೊಂದರಲ್ಲಿ ಅದು ಹನ್, ಹದಿಮೂರರಲ್ಲಿ ಹದಿ, ಹತ್ತೊಂಬತ್ತಕ್ಕೆ ಬರುವಷ್ಟರಲ್ಲಿ ಮತ್ತೆ ಹತ್ತೇ. ಹತ್ತಾರು ಅಂದರೆ ಹದಿನಾರಲ್ಲ, ಹತ್ತೆಂಟು ಅಂದರೆ ಹದಿನೆಂಟಲ್ಲ. ಹತ್ತು ಜನರ ಮುಂದೆ ಮಾನ ಹೋಯ್ತು ಅಂದಾಗ ಯಾರೂ ತಲೆ ಎಣಿಸಲ್ಲ. ಇನ್ನು ‘ಹತ್ತು ನಿಮಿಷದಲ್ಲಿ ಬಂದೆ’ ಅನ್ನೋದರ ಅರ್ಥ ಬೆಂಗಳೂರಿನವನಿಗೆ ನಾನು ಹೇಳಿಕೊಡಬೇಕಾ?

ತೊಡಕು ಇರೋದು ಇನ್ನೊಂದು ಹತ್ತಿನಲ್ಲಿ. ಅದು ಎಣಿಕೆಯ ಹತ್ತಿಗೆ ಸಂಬಂಧಿಯೇ ಅಲ್ಲ. ತಮಿಳಿನಲ್ಲಿ ಅದು ‘ಪಟ್ರು’ ಅಂತ ಬೇರೆಯಾಗೇ ಉಳಿದಿದೆ, ನಮ್ಮಲ್ಲಿ ಎರಡೂ ಸವೆದು ಒಂದೇ ಥರ ಕೇಳಿಸ್ತವೆ. ಅದರ ಹಳೇ ಅರ್ಥ ಅಂಟಿಕೊಳ್ಳೋದು, ಹಿಡಿದುಕೊಳ್ಳೋದು. ನೀವೂ ಅದನ್ನ ಕಮ್ಮಿ ಬಳಸಲ್ಲ. ಬಸ್ಸು ಹತ್ತುತ್ತೀರಿ, ಮೆಟ್ಟಿಲು ಹತ್ತುತ್ತೀರಿ. ಬೆಂಕಿ ಹತ್ತುತ್ತೆ, ಅನ್ನ ತಳ ಹತ್ತುತ್ತೆ, ಓದು ತಲೆಗೆ ಹತ್ತಲ್ಲ, ತಿಂದದ್ದು ಮೈಗೆ ಹತ್ತಲ್ಲ. ಅಲ್ಲಿಗೆ ನೀವು ನಿಲ್ಲಿಸಿದ್ರಿ. ಹೊಳೆ ಆಚೆಯವರು ನಿಲ್ಲಿಸಲಿಲ್ಲ, ಮಾಡೋ ಕೆಲಸಕ್ಕೂ ಅದನ್ನೇ ಹಚ್ಚಿದರು. ‘ಬರಾಕ ಹತ್ತೀನಿ’ ಅಂದರೆ ನಿಮ್ಮ ‘ಬರ್ತಾ ಇದೀನಿ’. ಅವ್ವನ ಮಾತಿನಲ್ಲಿ ಮೊದಲನೇ ಹತ್ತು ಗಂಟೆ, ಎರಡನೇದು ಬಸ್ಸು, ‘ಹತ್ತಾಕತ್ತೀನಿ’ ಬಿಡಿಸಿದರೆ ‘ಹತ್ತಾಕ ಹತ್ತೀನಿ’, ಅದರ ಬಾಲದ ಮೂರನೇದು ಬರೀ ‘ಇದೀನಿ’. ಒಂದೇ ಉಸಿರಿನಲ್ಲಿ ಮೂರು ಕೆಲಸ, ಒಂದೇ ಸದ್ದು. ಇದರಲ್ಲಿ ನಗೋದು ಏನಿದೆ?

ಹೊಳೆ ಅಂದರೆ ತುಂಗಭದ್ರೆ. ಹರಿಹರದಿಂದ ಸೇತುವೆ ದಾಟಿದರೆ ಕುಮಾರಪಟ್ಟಣ, ಹಾವೇರಿ ಜಿಲ್ಲೆ. 1956ರವರೆಗೆ ಈ ದಡ ಮೈಸೂರು ರಾಜ್ಯ, ಆ ದಡ ಮುಂಬಯಿಗೆ ಸೇರಿತ್ತು. ಈಗಲೂ ಆ ಕಡೆಯ ಬಸ್ಸಿನ ಮೇಲೆ ‘ವಾಯವ್ಯ’ ಅಂತ ಬರೆದಿರುತ್ತೆ. ಅಜ್ಜಿಯ ತವರು ಆ ದಡ, ಅಪ್ಪನ ಮನೆ ಈ ದಡ. ನಾವು ಮೊದಲು ಚಿತ್ರದುರ್ಗ ಜಿಲ್ಲೆ, 1997ರಿಂದ ದಾವಣಗೆರೆ. ನಮ್ಮೂರ ದೇವರನ್ನೇ ನೋಡು, ಅರ್ಧ ಹರಿ, ಅರ್ಧ ಹರ. ಹೊಯ್ಸಳರ ದಂಡನಾಯಕ ಪೋಲಾಳ್ವ ಆ ಗುಡಿ ಕಟ್ಟಿಸಿ, 1224ರಿಂದ ಲೆಕ್ಕ ಹಾಕಿದರೆ ಎಂಟು ನೂರು ವರ್ಷ ಆಯ್ತು. ‘ನೀನು ಯಾವ ಕಡೆಯವನಪ್ಪಾ’ ಅಂತ ಆ ದೇವರನ್ನು ಯಾರೂ ಕೇಳಲ್ಲ. ನಮ್ಮನ್ನ ಕೇಳ್ತಾರೆ.

ಬೆಂಗಳೂರಲ್ಲಿ ಬಾಯಿ ತೆಗೆದರೆ "ಹುಬ್ಬಳ್ಳಿನಾ?" ಹುಬ್ಬಳ್ಳಿಯಲ್ಲಿ ಕೆಲಸ ಮಾಡಿದ ಎರಡು ವರ್ಷ ನಾನು ‘ಮೈಸೂರು ಮಂದಿ’. ಮಧ್ಯ ಕರ್ನಾಟಕ ಅಂದರೆ "ಅದೇ, ಉತ್ತರಾನಾ ದಕ್ಷಿಣಾನಾ?" ಅಂತ ಮತ್ತೆ ಅಲ್ಲಿಗೇ ಬರ್ತಾರೆ. ಬೆಣ್ಣೆ ದೋಸೆ ತಿನ್ನುವಾಗ ಮಾತ್ರ ಎಲ್ಲರಿಗೂ ನಾವು ಎಲ್ಲಿದೀವಿ ಅಂತ ಚೆನ್ನಾಗಿ ಗೊತ್ತಿರುತ್ತೆ.

ನನಗೆ ಇದು ಬರೀ ತಮಾಷೆಯಲ್ಲ. ಬೆಂಗಳೂರಿನ ಮೊದಲನೇ ಕೆಲಸದಲ್ಲಿ ಸಾಹೇಬರು ಫೋನ್ ಮಾಡಿ ಗೋಡೌನಿನ ತಗಡು ರಿಪೇರಿಗೆ ಎಷ್ಟಾಗುತ್ತೆ ಅಂದರು. ಹಿಂದೆ ಲಾರಿ ಸದ್ದು. "ಇಪ್ಪತ್ತು ಹತ್ತುತ್ತೆ ಸಾರ್" ಅಂದೆ, ಇಪ್ಪತ್ತು ಸಾವಿರ ಬೇಕು ಅಂತ. ಅವರಿಗೆ ಕೇಳಿಸಿದ್ದು "ಇಪ್ಪತ್ತು… ಹತ್ತಂತೆ ಸಾರ್". ಇಪ್ಪತ್ತು ಹೇಳಿದ್ದವನನ್ನು ನಾನು ಚೌಕಾಸಿ ಮಾಡಿ ಹತ್ತಕ್ಕೆ ಇಳಿಸಿದೀನಿ ಅಂದುಕೊಂಡರು. ಹತ್ತು ಸಾವಿರ ಕಳಿಸಿ, ಭೇಷ್ ಅಂತ ಬೇರೆ ಹೇಳಿದರು. ಆ ಭೇಷ್ ಕೇಳಿದ ಮೇಲೆ ನಿಜ ಹೇಳೋಕೆ ನಾಲಿಗೆ ಏಳಲಿಲ್ಲ. ಉಳಿದ ಹತ್ತು ನನ್ನ ಜೇಬಿಂದ ಹೋಯ್ತು. ವಾಪಸ್ ಬರೋಕೆ ಮೂರು ತಿಂಗಳು ಹತ್ತಿತು.

ಆವತ್ತಿಂದ ಆಫೀಸಿನಲ್ಲಿ ‘ಬೇಕಾಗುತ್ತೆ’ ಅಂತೀನಿ, ‘ಒಂದು ಗಂಟೆ ಹಿಡಿಯುತ್ತೆ’ ಅಂತೀನಿ. ಅದನ್ನೇ ಊರಿಗೆ ಹೋದಾಗ ಅಂದರೆ ಚಿಕ್ಕಪ್ಪನ ಮಗ "ಇವಂಗ ಬೆಂಗ್ಳೂರು ಗಾಳಿ ಹತ್ತೈತಿ" ಅಂತಾನೆ. ಬಸ್ಸು ಚಿತ್ರದುರ್ಗ ದಾಟೋ ಹೊತ್ತಿಗೆ ನಾಲಿಗೆ ತಾನಾಗೇ ಬದಲಾಗಬೇಕು, ಒಂದೊಂದು ಸಲ ತುಮಕೂರಿಗೇ ಆಗಿಬಿಡುತ್ತೆ, ಒಂದೊಂದು ಸಲ ಮನೆ ಮುಟ್ಟಿದರೂ ಆಗಲ್ಲ. ಅಲ್ಲ ಮಾರಾಯ, ನಿಮಗೆ ಹೊತ್ತು ‘ಹಿಡಿಯ’ಬಹುದು, ನಮಗೆ ‘ಹತ್ತ’ಬಾರದಾ? ಎರಡೂ ಒಂದೇ ಅರ್ಥ ತಾನೇ. ನಿಮ್ಮದು ಶುದ್ಧ ಕನ್ನಡ, ನಮ್ಮದು ನಗುವ ಕನ್ನಡ, ಇದನ್ನ ಯಾರು ಯಾವಾಗ ತೀರ್ಮಾನ ಮಾಡಿದ್ರು?

ಹೋಗ್ಲಿ ಬಿಡು. ಅವ್ವ ಅಮಾವಾಸ್ಯೆ ಕಳೆದ ಮೇಲೆ ಮತ್ತೆ ಬರ್ತಾಳೆ. ಈ ಸಲ ನಿನಗೇ ಫೋನ್ ಮಾಡು ಅಂತ ನಂಬರ್ ಕೊಟ್ಟಿದೀನಿ. "ಹತ್ತು ರೊಟ್ಟಿ ಕಟ್ಕೊಂಡು ಬರ್ಲೇನಪಾ" ಅಂತ ಕೇಳಿದರೆ ಸುಮ್ನೆ ಹ್ಞೂಂ ಅನ್ನು. ಡಬ್ಬಿ ಮಾತ್ರ ಮೂವತ್ತು ರೊಟ್ಟಿ ಹಿಡಿಸೋ ಅಂಥದ್ದು ಇಟ್ಟುಕೊಂಡಿರು.