ಸಕ್ಕರೆ ಬದಲು ಬೆಲ್ಲ ಹಾಕಿದರೆ ಸಾಕಾ?

ಪ್ರಶ್ನೆ: ಅಕ್ಕಾ, ನಮ್ಮ ಮಾವನವರಿಗೆ ಸಕ್ಕರೆ ಕಾಯಿಲೆ ಇದೆ. ಅದಕ್ಕೇ ಮನೆಯಲ್ಲಿ ಮಾಡುವ ಎಲ್ಲ ಸಿಹಿಗೂ ಈಗ ಬೆಲ್ಲವನ್ನೇ ಹಾಕುತ್ತಿದ್ದೇನೆ, ಕೇಸರಿಬಾತಿಗೂ. ಆದರೂ ಅವರ ಶುಗರ್ ಇಳಿದಿಲ್ಲ. ಬೆಲ್ಲ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರಲ್ವಾ? ಹಬ್ಬದ ದಿನ ಹೋಳಿಗೆ, ಪಾಯಸ ಇಲ್ಲ ಅಂದರೆ ಅವರಿಗೆ ತುಂಬಾ ಬೇಜಾರು. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ಬೆಲ್ಲದ ರುಚಿಗೆ ನಾನೂ ಸೋತವಳೇ. ಆದರೆ ಶುಗರ್ ಇರುವವರ ಮೈಗೆ ಬೆಲ್ಲವೂ ಸಕ್ಕರೆಯೂ ಹೆಚ್ಚುಕಮ್ಮಿ ಒಂದೇ. ಎರಡೂ ಕಬ್ಬಿನ ಹಾಲಿನಿಂದಲೇ ಬಂದದ್ದು. 100 ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲೊರಿ ಇದ್ದರೆ ಬೆಲ್ಲದಲ್ಲಿ ಸುಮಾರು 380. ಬೆಲ್ಲದಲ್ಲಿ ಕಬ್ಬಿಣದಂಶ ಇದೆ ನಿಜ, ಆದರೆ ಒಂದು ಹೋಳಿಗೆಯೊಳಗಿನ ಬೆಲ್ಲದಿಂದ ಸಿಗುವುದು ತೀರಾ ಸ್ವಲ್ಪ. ಜೋನಿಬೆಲ್ಲ, ಜೇನುತುಪ್ಪ ಯಾವುದೇ ಆದರೂ ಇದೇ ಲೆಕ್ಕ. ಬೆಲ್ಲದ್ದು ತಾನೇ ಅಂತ ಧೈರ್ಯವಾಗಿ ಇನ್ನೊಂದು ಬಡಿಸುತ್ತೇವಲ್ಲ, ತೊಂದರೆ ಆಗುವುದು ಅಲ್ಲೇ.

ಹಾಗಾಗಿ ಮೊದಲು ಅಳತೆ ಇಳಿಸಿ. ಬದಲಿ ಏನು ಹಾಕಬೇಕು ಅನ್ನೋದು ಆಮೇಲಿನ ಮಾತು.

ಕೇಸರಿಬಾತನ್ನೇ ತೆಗೆದುಕೊಳ್ಳಿ. ಒಂದು ಲೋಟ ರವೆಗೆ ಒಂದೂವರೆ ಲೋಟ ಸಕ್ಕರೆ ಹಾಕುವ ಮನೆಗಳೇ ಜಾಸ್ತಿ. ಅದನ್ನು ಮುಕ್ಕಾಲು ಲೋಟಕ್ಕೆ ಇಳಿಸಬಹುದು, ಆದರೆ ಸುಮ್ನೆ ಇಳಿಸಿದರೆ ಆರಿದ ಮೇಲೆ ಗಟ್ಟಿಯಾಗುತ್ತದೆ. ಯಾಕೆಂದರೆ ಸಕ್ಕರೆ ಬಿಸಿಗೆ ಕರಗಿ ನೀರಾಗಿ ರವೆಯನ್ನು ಸಡಿಲ ಮಾಡುತ್ತಿತ್ತು, ಈಗ ಆ ನೀರು ಇಲ್ಲ. ಎರಡೂವರೆ ಲೋಟ ನೀರಿಡುವ ಕಡೆ ಮೂರು ಲೋಟ ಇಡಿ, ರವೆ ಪೂರ್ತಿ ಅರಳಿ ಬೆಂದ ಮೇಲಷ್ಟೇ ಸಕ್ಕರೆ ಹಾಕಿ. ಸಣ್ಣಗೆ ಹೆಚ್ಚಿದ ಅನಾನಸ್, ನಾಲ್ಕು ಎಸಳು ಕೇಸರಿ, ಏಲಕ್ಕಿ, ಚಿಟಿಕೆ ಉಪ್ಪು ಸೇರಿಸಿ. ಆ ಚಿಟಿಕೆ ಉಪ್ಪನ್ನು ಮಾತ್ರ ಮರೆಯಬೇಡಿ, ಇರುವ ಸಿಹಿಯನ್ನು ಎದ್ದು ಕಾಣಿಸುವುದು ಅದೇ. ಬಿಸಿಬಿಸಿಯಾಗಿ ಬಡಿಸಿದರೆ ಇನ್ನೂ ಒಳ್ಳೆಯದು, ತಣ್ಣಗಾದಷ್ಟೂ ನಾಲಿಗೆಗೆ ಸಿಹಿ ಕಮ್ಮಿ ಅನಿಸುತ್ತದೆ.

ಹೋಳಿಗೆಗೆ ಒಂದು ಲೋಟ ಕಡಲೆಬೇಳೆಗೆ ಒಂದು ಲೋಟ ಬೆಲ್ಲ ಹಾಕುತ್ತಿದ್ದರೆ ಅರ್ಧಕ್ಕಿಂತ ಸ್ವಲ್ಪ ಮೇಲೆ ಸಾಕು. ಹೂರಣ ಒಣಗಿ ಲಟ್ಟಿಸುವಾಗ ಬಿರುಕು ಬಿಟ್ಟರೆ ಬೇಳೆ ಕಟ್ಟಿನ ಒಂದೆರಡು ಚಮಚ ಹಾಕಿ ನುಣ್ಣಗೆ ರುಬ್ಬಿ, ಉಳಿದ ಕಟ್ಟು ಹೇಗೂ ಸಾರಿಗೆ ಹೋಗುತ್ತದೆ. ಆದರೆ ಕಣಕದ ಮೈದಾ, ಕೇಸರಿಬಾತಿನ ರವೆ ಕೂಡ ಹೊಟ್ಟೆಯಲ್ಲಿ ಸಕ್ಕರೆಯೇ ಆಗುತ್ತವೆ. ಆದ್ದರಿಂದ ಮಾವನವರಿಗೆ ಒಂದೇ ಚಿಕ್ಕ ಹೋಳಿಗೆ ಕೊಡಿ, ಆ ಹೊತ್ತಿನ ಅನ್ನ ಕಮ್ಮಿ ಮಾಡಿ. ಎಷ್ಟು ಕಮ್ಮಿ, ಮಾತ್ರೆ ಹೇಗೆ ಅನ್ನೋದನ್ನು ಅವರ ಡಾಕ್ಟರನ್ನೇ ಕೇಳಿ.

ಹೆಸರುಬೇಳೆ ಪಾಯಸಕ್ಕೆ ತೆಂಗಿನಹಾಲಿನದ್ದೇ ಒಂದು ಸಿಹಿ ಇದೆ, ಬೆಲ್ಲ ಅರ್ಧ ಮಾಡಿದರೂ ಯಾರಿಗೂ ಗೊತ್ತಾಗುವುದಿಲ್ಲ. ಹಸುವಿನ ಹಾಲಿನ ಪಾಯಸವಾದರೆ ಒಲೆ ಆರಿಸಿ, ಸ್ವಲ್ಪ ಆರಿದ ಮೇಲೆ ಬೆಲ್ಲ ಬೆರೆಸಿ, ಕುದಿಯುವಾಗ ಹಾಕಿದರೆ ಹಾಲು ಒಡೆಯುತ್ತದೆ.

ಪ್ರಶ್ನೆ: ಖರ್ಜೂರ ಹಾಕಿ ಮಾಡಿದ ಉಂಡೆ ಶುಗರ್ ಫ್ರೀ ಅಂತ ಮಾರುತ್ತಾರೆ. ನಿಜವಾ?
– ಓದುಗರು, ಉಡುಪಿ

ಉತ್ತರ: ಅಲ್ಲ. ಒಣ ಖರ್ಜೂರದ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸಕ್ಕರೆಯೇ. ನಾರಿನಂಶ ಇರುವುದರಿಂದ ಬರೀ ಸಕ್ಕರೆಗಿಂತ ವಾಸಿ, ಮಕ್ಕಳಿಗೆ ಒಂದು ಉಂಡೆ ಕೊಡಿ, ಪರವಾಗಿಲ್ಲ. ನಿಮ್ಮ ಕಡೆಯ ಬನ್ಸ್ ಇದೆಯಲ್ಲ, ಅದಕ್ಕೆ ಸಿಪ್ಪೆ ಕಪ್ಪಾದ ಬಾಳೆಹಣ್ಣು ಹಾಕಿದರೆ ಬೇರೆ ಸಕ್ಕರೆಯೇ ಬೇಡ. ಕಾಯಿಯ ಪಿಷ್ಟವೆಲ್ಲ ಹಣ್ಣಾಗುವಾಗ ಸಿಹಿಯಾಗಿ ತಿರುಗಿರುತ್ತದೆ.

ಪ್ರಶ್ನೆ: ಮೈಸೂರು ಪಾಕನ್ನು ಸ್ಟೀವಿಯಾ ಅಥವಾ ಸಿಹಿ ಮಾತ್ರೆ ಹಾಕಿ ಮಾಡಬಹುದಾ?
– ಓದುಗರು, ಬೆಂಗಳೂರು

ಉತ್ತರ: ದಯವಿಟ್ಟು ಬೇಡ. ಅಲ್ಲಿ ಸಕ್ಕರೆ ಬರೀ ಸಿಹಿಗಲ್ಲ, ಕಡಲೆಹಿಟ್ಟು ತುಪ್ಪ ಎರಡನ್ನೂ ಹಿಡಿದು ನಿಲ್ಲಿಸುವುದೇ ಪಾಕ. ಸ್ಟೀವಿಯಾ ಸಕ್ಕರೆಗಿಂತ 200-300 ಪಟ್ಟು ಸಿಹಿ, ಚಿಟಿಕೆಯಷ್ಟು ಪುಡಿಯಿಂದ ಎಳೆ ಪಾಕ ಎಲ್ಲಿಂದ ಬರಬೇಕು? ಜಾಸ್ತಿಯಾದರೆ ಕಹಿ ಬೇರೆ. ಮೈಸೂರು ಪಾಕನ್ನು ಇದ್ದ ಹಾಗೇ ಮಾಡಿ, ಅರ್ಧ ಅಳತೆಯ ತುಂಡು ಕೊಯ್ಯಿರಿ.

ಪಾಯಸ, ಹಾಲು, ಕಾಫಿಗೆ ಇಂಥ ಪುಡಿ ನಡೆಯುತ್ತದೆ. ಪೊಟ್ಟಣದ ಮೇಲೆ ಆಸ್ಪರ್ಟೇಮ್ ಅಂತಿದ್ದರೆ ಕುದಿಸಬೇಡಿ, ಬಿಸಿಗೆ ಅದರ ಸಿಹಿ ಹೋಗುತ್ತದೆ. ತೂಕ ಇಳಿಸುವುದಕ್ಕೆ ಅಂತ ಇವನ್ನು ನಂಬಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ. ಆ ಸಲಹೆ ಈಗಾಗಲೇ ಶುಗರ್ ಇರುವವರಿಗೆ ಹೇಳಿದ್ದಲ್ಲ.

ಪ್ರಶ್ನೆ: ನಾವು ಸಿಹಿ ಮಾಡುವುದೇ ಹಬ್ಬಕ್ಕೆ ಮಾತ್ರ. ಆದರೂ ಕಮ್ಮಿ ಮಾಡಬೇಕಾ?
– ಓದುಗರು, ಹಾಸನ

ಉತ್ತರ: ಹಬ್ಬ ಬಿಡಿ, ದಿನದ ಕಾಫಿ ಲೆಕ್ಕ ಹಾಕಿ. ಮೂರು ಲೋಟ, ಲೋಟಕ್ಕೆ ಮಟ್ಟಸವಾಗಿ ಎರಡು ಚಮಚ ಅಂದರೂ ಸುಮಾರು 25 ಗ್ರಾಂ ಆಯಿತು. ದಿನಕ್ಕೆ ಅಷ್ಟರೊಳಗೆ ಇದ್ದರೆ ಒಳ್ಳೆಯದು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬಿಸ್ಕತ್ತು, ಹಾರ್ಲಿಕ್ಸ್, ಸಾಸ್ ಎಲ್ಲ ಅದರ ಮೇಲೆ. ಈ ವಾರ ಲೋಟಕ್ಕೆ ಒಂದೂವರೆ ಚಮಚ, ಎರಡು ವಾರ ಬಿಟ್ಟು ಒಂದು, ಹೀಗೆ ಇಳಿಸಿ. ಡಿಕಾಕ್ಷನ್ ತಾಜಾ ಇಳಿಸಿ, ಹಾಲು ಗಟ್ಟಿ ಇರಲಿ. ಹಬ್ಬದ ಹೋಳಿಗೆಯನ್ನು ತುಪ್ಪ ಹಾಕಿಕೊಂಡು ನೆಮ್ಮದಿಯಾಗಿ ತಿನ್ನಿ.